ಮೇಷ್ಟ್ರ ಭಾಗ

ಮನೆ ಕಟ್ಟಿಸಬೇಕು ಅಂತ ತೀರ್ಮಾನ ಮಾಡಿದವರು ಗಾರೆ ಮೇಸ್ತ್ರಿಯ ಹತ್ತಿರ ಹೋಗುವ ಮೊದಲು ಆ ಬೀದಿಯ ಪ್ಲಾನ್ ಮೇಷ್ಟ್ರ ಹತ್ತಿರ ಬರುತ್ತಿದ್ದರು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮನೆಗಳ ನಕ್ಷೆ ಬರೆಯುವುದು ಅವರ ಕಸುಬು. ಎದುರಿಗೆ ಕೂತವರಿಗೆಲ್ಲ "ಪಾತ್ರೆ ತೊಳೆಯೋರ ಮುಂದೆ ಕಿಟಕಿ ಇರ್ಬೇಕು, ಬೆನ್ನ ಹಿಂದಲ್ಲ" ಅಂತ ಬಿಡಿಸಿ ಬಿಡಿಸಿ ಹೇಳುವ ಚಾಳಿ ಇದ್ದದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

ಬೀದಿಗೆ ಮುಖ ಮಾಡಿದ ಕೋಣೆಯೇ ಕಚೇರಿ. ಗೋಡೆಗೆ ತಾಗಿಸಿ ಎರಡು ಮೇಜು, ಒಂದರ ಕೆಳಗೆ ಕಂಪ್ಯೂಟರಿನ ಪೆಟ್ಟಿಗೆ, ಮೂಲೆಯಲ್ಲಿ ದೊಡ್ಡ ಹಾಳೆ ಅಚ್ಚು ಹಾಕುವ ಯಂತ್ರ. ಆ ಯಂತ್ರ ಶುರುವಾಗುವಾಗ ನರಳುತ್ತಿದ್ದುದರಿಂದ ಮನೆಯಲ್ಲಿ ಅದಕ್ಕೆ ಎಮ್ಮೆ ಅಂತಲೇ ಹೆಸರು. ಮೇಷ್ಟ್ರು ಒಂದು ಮೇಜಿನಲ್ಲಿ, ಅವರ ಹೆಂಡತಿ ಇನ್ನೊಂದರಲ್ಲಿ. ಮದುವೆಯಾದ ಎರಡನೇ ವರ್ಷವೇ ಆಕೆ ಕೆಲಸ ಕಲಿತಿದ್ದರು. ಗೋಡೆ, ಬಾಗಿಲು, ಮೆಟ್ಟಿಲು ಎಳೆಯುವುದು ಮೇಷ್ಟ್ರು. ಅಡಿ, ಅಂಗುಲ ಬರೆಯುವುದು ಆಕೆ. ಗಿರಾಕಿಗಳು ಆಕೆಯನ್ನು ಪ್ಲಾನ್ ಮೇಡಂ ಅನ್ನುತ್ತಿದ್ದರು. ಮಕ್ಕಳಿರಲಿಲ್ಲ. ಅದರ ಬಗ್ಗೆ ಮಾತಾಡುವ ವಯಸ್ಸೂ ದಾಟಿ ಹೋಗಿತ್ತು.

ಮೇಷ್ಟ್ರಿಗೆ ಐವತ್ತೊಂದು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ, ಅಂಗಿಗೆ ಒಂದು ಕೈ ಹಾಕಿ ಇನ್ನೊಂದು ಕೈ ಹಾಕುವಷ್ಟರಲ್ಲಿ, ಮಂಚದ ಪಕ್ಕ ಕುಸಿದು ಕೂತರು. ಮಿದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿದೆ ಅಂದರು ಆಸ್ಪತ್ರೆಯವರು. ಇಪ್ಪತ್ತೆರಡು ದಿನ ಆದ ಮೇಲೆ ಮನೆಗೆ ಕಳಿಸಿದರು. ಬಲಗೈ ಹೋಗಿತ್ತು, ಮಾತು ಹೋಗಿತ್ತು. ಕಾಲು ಮಾತ್ರ ಕೋಲಿನ ಸಹಾಯದಿಂದ ನಿಧಾನಕ್ಕೆ ಬಂತು. ಕಾಲಿನ ಹಿಂದೆಯೇ ಒಂದು ಶಬ್ದವೂ ಬಂತು. ಆಯ್ತು.

"ಕಾಫಿ ಬೇಕಾ?"

"ಆಯ್ತು."

"ಬೇಡ್ವಾ?"

"ಆಯ್ತು."

ವಾರಕ್ಕೊಮ್ಮೆ ಮಾತು ಕಲಿಸಲು ಬರುತ್ತಿದ್ದ ಹೆಂಗಸು ಮೊದಲ ದಿನವೇ ಎಚ್ಚರಿಸಿದ್ದಳು. "ಮೇಡಂ, ಆ ಶಬ್ದ ಅವರ ನಾಲಿಗೇಲಿ ಸಿಕ್ಕಿಕೊಂಡಿದೆ, ಅಷ್ಟೇ. ಅದಕ್ಕೆ ಅರ್ಥ ಹಚ್ಚಬೇಡಿ. ಮುಖ ನೋಡಿ ತಿಳ್ಕೊಳ್ಳಿ." ಆದರೆ ಮುಖದ ಅರ್ಧಭಾಗವೂ ಬಿದ್ದುಹೋಗಿತ್ತು. ಉಳಿದ ಅರ್ಧವನ್ನು ನೋಡಿ ಬೇಕೋ ಬೇಡವೋ ಅಂತ ಊಹಿಸುವುದನ್ನು ಆಕೆ ಅಭ್ಯಾಸ ಮಾಡಿಕೊಂಡರು. ಕೆಲವು ದಿನ ಊಹೆ ಸರಿಹೋಗುತ್ತಿತ್ತು, ಕೆಲವು ದಿನ ಕಾಫಿ ನೆಲದ ಮೇಲಿರುತ್ತಿತ್ತು.

ಆಕೆ ಅಳುತ್ತಾರೆ ಅಂತ ಎಲ್ಲರೂ ಕಾದರು. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರು ಕರ್ಚೀಫ್ ತೆಗೆದು ಸಿದ್ಧವಾಗಿಯೂ ಇಟ್ಟಿದ್ದರು. ಆಕೆ ಅಳಲಿಲ್ಲ. ಮೇಷ್ಟ್ರ ತಂಗಿ ಯಾರೊಡನೆಯೋ "ನಮ್ಮತ್ತಿಗೆ ಕಲ್ಲು" ಅಂದದ್ದು ಗೋಡೆಯಾಚೆಯಿಂದ ಕಿವಿಗೆ ಬಿತ್ತು. ಕೋಪ ಬರಬೇಕಿತ್ತು, ಬರಲಿಲ್ಲ. ಇಪ್ಪತ್ತಮೂರನೇ ದಿನ ಯಾರೋ ಬಂದು "ನಮ್ದು ಅರ್ಧಕ್ಕೆ ನಿಂತಿತ್ತಲ್ಲ ಮೇಡಂ" ಅಂದರು. ಆಕೆ ಹೋಗಿ ಮೇಷ್ಟ್ರ ಕುರ್ಚಿಯಲ್ಲಿ ಕೂತು ಅದನ್ನು ಮುಗಿಸಿಕೊಟ್ಟರು. ಗೋಡೆ ಎಳೆಯುವುದು ಕಷ್ಟವೇನಾಗಲಿಲ್ಲ. ಅಷ್ಟು ವರ್ಷ ನೋಡಿದ್ದು ಕೈಗೆ ಬಂದಿತ್ತು.

ಅದಾದ ಸ್ವಲ್ಪ ದಿನಕ್ಕೆ, ನಕ್ಷೆಗೆ ಒಪ್ಪಿಗೆ ಕೊಡುವ ಕಚೇರಿಯವರು ಇನ್ನು ಮೇಲೆ ಹೊಸ ಬಗೆಯ ಫೈಲನ್ನೇ ಕಳಿಸಬೇಕು ಅಂದರು. ಮೇಷ್ಟ್ರು ವರ್ಷಗಳಿಂದ ಬಳಸಿದ ಪ್ರೋಗ್ರಾಮಿಗೆ ಅದು ಗೊತ್ತಿರಲಿಲ್ಲ. ಹೊಸ ಪ್ರೋಗ್ರಾಮ್ ಹಾಕಲು ಹಳೆಯ ಆಪರೇಟಿಂಗ್ ಸಿಸ್ಟಮ್ ಒಪ್ಪಲಿಲ್ಲ. ಕಂಪ್ಯೂಟರ್ ರಿಪೇರಿ ಮಾಡುವವರು ಬಂದು ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡಿದರು. ಬೀದಿಯವರೆಲ್ಲ ಅವರನ್ನು ರಿಪೇರಿ ಅಣ್ಣ ಅನ್ನುತ್ತಿದ್ದರು. ನಲವತ್ತು ದಾಟಿದ, ಕೈಗಿಂತ ಬಾಯಿ ಮುಂದಾಗಿ ಓಡುವ ಮನುಷ್ಯ.

"ಅಣ್ಣತಮ್ಮಂದಿರು ಒಂದೇ ಮನೇಲಿ ಒಲೆ ಬೇರೆ ಮಾಡ್ಕೊಂಡ ಹಾಗೆ ಮೇಡಂ. ಈ ಕಡೆ ಹಳೇದು, ಆ ಕಡೆ ಹೊಸದು. ಬೆಳಿಗ್ಗೆ ಆನ್ ಮಾಡಿದಾಗ ಯಾವ ಕಡೆ ಅಂತ ಅದೇ ಕೇಳುತ್ತೆ."

ಅದು ಕೇಳುತ್ತಿತ್ತು. ಕಪ್ಪು ಪರದೆಯ ಮೇಲೆ ಎರಡು ಸಾಲು, ಮೂವತ್ತು ಸೆಕೆಂಡ್ ಸಮಯ. ಆಕೆ ಬಾಣದ ಗುಂಡಿ ಒತ್ತಿ ಎರಡನೇ ಸಾಲಿಗೆ ಇಳಿಯುತ್ತಿದ್ದರು. ಹೀಗೆ ಎರಡು ವರ್ಷ. ಮೊದಲನೇ ಸಾಲಿನ ಕಡೆ ಒಂದು ಸಲವೂ ಹೋಗಲಿಲ್ಲ. ಹಟವೇನಲ್ಲ. ಅಲ್ಲಿ ಕೆಲಸವಿರಲಿಲ್ಲ.

ಹಲ್ಲಿನ ಡಾಕ್ಟರೊಬ್ಬರ ಮೂರು ಅಂತಸ್ತಿನ ಕಟ್ಟಡದ ನಕ್ಷೆ ಮಾಡುತ್ತಿದ್ದಾಗ ಡಿಸ್ಕ್ ತುಂಬಿತು. ಜಾಗ ಇಲ್ಲ ಅಂದ ಕಂಪ್ಯೂಟರ್ ಅರ್ಧ ದಿನದ ಕೆಲಸವನ್ನು ನುಂಗಿಕೊಂಡಿತು. ಆಕೆ ಆ ಅರ್ಧ ದಿನದ ಕೆಲಸವನ್ನು ಮತ್ತೆ ಮಾಡಿದರು. ಕಂಪ್ಯೂಟರ್ ಅದನ್ನೂ ಉಳಿಸಿಕೊಳ್ಳಲಿಲ್ಲ. ಆಮೇಲೆ ರಿಪೇರಿ ಅಣ್ಣನಿಗೆ ಫೋನ್ ಮಾಡಿದರು.

ಅವರು ಬಂದು ಮಂಡಿಯೂರಿ ಮೇಜಿನ ಕೆಳಗೆ ತಲೆ ಹಾಕಿದರು. "ಇದರ ಹೊಟ್ಟೇಲಿ ಇನ್ನೊಂದು ಡಿಸ್ಕ್ ಹಿಡಿಯಲ್ಲ ಮೇಡಂ, ಸಣ್ಣ ಪೆಟ್ಟಿಗೆ. ಆದ್ರೆ ಅದು ಬೇಕಾಗಿಯೂ ಇಲ್ಲ. ಅರ್ಧಕ್ಕಿಂತ ಜಾಸ್ತಿ ಜಾಗ ಹಳೇ ಸಿಸ್ಟಮ್ಮೇ ಹಿಡ್ಕೊಂಡಿದೆ. ಆ ಕಡೆ ಯಾವಾಗಾದ್ರೂ ಹೋಗಿದ್ರಾ?"

"ಇಲ್ಲ."

"ಮತ್ತ್ಯಾಕೆ ಸಾಕ್ತಿದ್ದೀರಿ? ಏಳಲ್ಲ, ಕೂರಲ್ಲ, ಒಂದು ಕೆಲಸಕ್ಕೆ ಬರಲ್ಲ, ಸುಮ್ನೆ ಮನೆ ತುಂಬ ಜಾಗ..." ಅಂತ ಹೇಳುತ್ತಾ ತಲೆ ಹೊರಗೆ ತೆಗೆದವರಿಗೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೋಲು ಹಿಡಿದು ಕೂತಿದ್ದ ಮೇಷ್ಟ್ರು ಕಂಡರು. ನಾಲಿಗೆ ಕಚ್ಚಿಕೊಂಡರು. "ಅಲ್ಲ ಮೇಷ್ಟ್ರೇ, ನಾನು ಡಿಸ್ಕಿನ ಬಗ್ಗೆ..."

"ಆಯ್ತು" ಅಂದರು ಮೇಷ್ಟ್ರು.

ರಿಪೇರಿ ಅಣ್ಣ ಕಿವಿಯವರೆಗೂ ಕೆಂಪಾದರು. ಹೊರಗೆ ಇಡುವ ಡಿಸ್ಕ್ ಒಂದನ್ನು ಕೊಟ್ಟು, ಹಳೆಯ ಭಾಗದಲ್ಲಿ ಬೇಕಾದದ್ದನ್ನೆಲ್ಲ ಅದಕ್ಕೆ ಕಾಪಿ ಮಾಡಿಟ್ಟಿರಲು ಹೇಳಿದರು. ಗುರುವಾರ ಬಂದು ಆ ಭಾಗವನ್ನು ಪೂರ್ತಿ ತೆಗೆದು, ಜಾಗವನ್ನು ಹೊಸದಕ್ಕೆ ಸೇರಿಸಿಕೊಡುವುದಾಗಿ ಮಾತು ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದರು.

ಅವತ್ತು ಸಾಯಂಕಾಲ ನಾದಿನಿಯ ಫೋನ್ ಬಂತು. ವಾರಕ್ಕೊಂದು ಸಲ ಬರುವ ಫೋನು. ಮಾತಿಗೆ ಮಾತು ಬಂದು ಆಕೆ ವಿಷಯ ಹೇಳಿದರು.

"ಅಣ್ಣನ ಕೆಲಸ ಎಲ್ಲ ಅಳಿಸಿಹಾಕ್ತೀರಾ ಅತ್ತಿಗೆ? ಅಣ್ಣ ಇನ್ನೂ ಇದ್ದಾನೆ."

"ಗೊತ್ತು. ಇಲ್ಲೇ ಕೂತಿದ್ದಾರೆ."

"ಅವನನ್ನ ಒಂದು ಮಾತು ಕೇಳಿದ್ರಾ?"

"ಕೇಳ್ದೆ."

"ಏನಂದ?"

"ಆಯ್ತು ಅಂದ್ರು."

"ತಮಾಷೆ ಮಾಡ್ತೀರಾ?" ಅಂದಳು ನಾದಿನಿ. ಆಕೆ ತಮಾಷೆ ಮಾಡಿರಲಿಲ್ಲ. ನಿಜವಾಗಿಯೂ ಕೇಳಿದ್ದರು, ಎರಡು ಸಲ. ರೀ, ನಿಮ್ಮ ಹಳೇದನ್ನ ತೆಗೆಸಿಬಿಡ್ಲಾ ಅಂತ ಒಂದು ಸಲ, ಬೇಡ ಅಂದ್ರೆ ಇರಲಿ ಅಂತ ಇನ್ನೊಂದು ಸಲ. ಎರಡಕ್ಕೂ ಒಂದೇ ಉತ್ತರ ಬಂದಿತ್ತು. ಮುಖ ನೋಡಿದಾಗ ಅವರು ಕಿಟಕಿಯಾಚೆ ಸ್ಕೂಟರಿನ ಕೆಳಗೆ ಮಲಗಿದ್ದ ಬೆಕ್ಕನ್ನು ನೋಡುತ್ತಿದ್ದರು.

ಬುಧವಾರ ಬೆಳಿಗ್ಗೆ ಮೇಷ್ಟ್ರಿಗೆ ಸ್ನಾನ, ತಿಂಡಿ ಮುಗಿಸಿ ಬಂದು ಆಕೆ ಕಂಪ್ಯೂಟರ್ ಹಾಕಿದರು. ಎರಡು ಸಾಲು ಬಂದವು. ಕೈ ಅಭ್ಯಾಸಬಲದಿಂದ ಕೆಳಗಿನ ಸಾಲಿಗೆ ಹೋಯಿತು. ಆಕೆ ವಾಪಸು ಮೇಲಕ್ಕೆ ಬಂದು ಒತ್ತಿದರು.

ಹಳೆಯ ಸಿಸ್ಟಮ್ ತಡವಾಗಿ ಎದ್ದಿತು. ಬರೀ ಬೂದು ಪರದೆ. ಚಿತ್ರ ಗಿತ್ರ ಇದ್ದರೆ ಕಣ್ಣಿಗೆ ತೊಂದರೆ ಅನ್ನುತ್ತಿದ್ದರು ಮೇಷ್ಟ್ರು. ವರ್ಷಕ್ಕೊಂದರಂತೆ ಫೋಲ್ಡರುಗಳು ಎಡಗಡೆ ಸಾಲಾಗಿದ್ದವು. ಆಕೆ ಒಂದೊಂದನ್ನೇ ಹೊರಗಿನ ಡಿಸ್ಕಿಗೆ ಎಳೆದು ಬಿಟ್ಟರು. ಹಳೆಯ ವರ್ಷಗಳು ಬೇಗ ಬೇಗ ಹೋದವು. ಕೊನೆಯ ವರ್ಷದ ಫೋಲ್ಡರ್ ಮಾತ್ರ ಹೋಗಲೇ ಇಲ್ಲ. ಇನ್ನೂ ಒಂದು ಗಂಟೆ ಅಂತ ತೋರಿಸಿತು. ಆ ವರ್ಷ ಕೆಲಸ ಕಡಿಮೆಯಿತ್ತು, ಹೆಚ್ಚಿರಲಿಲ್ಲ. ಏನಿರಬಹುದು ಅಂತ ತೆಗೆದು ನೋಡಿದರು.

ಒಂದೇ ಮನೆಯ ನಕ್ಷೆ ನಲವತ್ತಮೂರು ಸಲ ಇತ್ತು. ಟೈಲರ್ ಒಬ್ಬರ ಮನೆ, ಎರಡು ಮಲಗುವ ಕೋಣೆಯದು. ಒಂದು, ಎರಡು, ಮೂರು ಅಂತ ನಲವತ್ತಮೂರರವರೆಗೆ ಹೆಸರು.

ಆ ಟೈಲರ್ ಆಕೆಗೆ ಚೆನ್ನಾಗಿ ನೆನಪಿದ್ದರು. ಹಾಳೆ ಸುರುಳಿ ಸುತ್ತಿಕೊಂಡು ಬಂದವರು ಬಾಗಿಲಲ್ಲೇ ನಗಲು ಶುರುಮಾಡಿದ್ದರು. "ಮೇಷ್ಟ್ರೇ, ಮಲಗೋ ಕೋಣೆಗೆ ಬಾಗಿಲೇ ಇಟ್ಟಿಲ್ವಲ್ಲ! ನನ್ನ ಹೆಂಡ್ತಿ ಹೇಳ್ತಾಳೆ, ಹೇಗೂ ತಡವಾಗಿ ಬರ್ತೀರಿ, ಗೋಡೆ ಹಾರ್ಕೊಂಡು ಬನ್ನಿ ಅಂತ." ಮೂವರೂ ನಕ್ಕಿದ್ದರು. ಟೈಲರ್ ಹೋದ ಮೇಲೆ ಆಕೆ ನಗು ನಿಲ್ಲಿಸಿ, "ಇಷ್ಟು ವರ್ಷದ ಕೆಲಸ, ಕಣ್ಣು ಎಲ್ಲಿಟ್ಟಿದ್ರಿ?" ಅಂದಿದ್ದರು. "ಈಗಲೇ ಸರಿ ಮಾಡ್ತೀನಿ ಬಿಡು" ಅಂದಿದ್ದರು ಮೇಷ್ಟ್ರು.

ಆಕೆ ಒಂದನೆಯದನ್ನು ತೆಗೆದರು. ಬಾಗಿಲಿರಲಿಲ್ಲ. ಎರಡನೆಯದರಲ್ಲಿ ಬಾಗಿಲು ಬಂದಿತ್ತು, ಆದರೆ ಬಚ್ಚಲಿಗೆ. ಬಚ್ಚಲಿಗೆ ಮೊದಲೇ ಒಂದಿತ್ತು. ಐದನೆಯದರಲ್ಲಿ ಯಾವುದಕ್ಕೂ ಬಾಗಿಲಿಲ್ಲ. ಹನ್ನೊಂದನೆಯದರಲ್ಲಿ ಒಂದೇ ಗೋಡೆಯಲ್ಲಿ ಅಕ್ಕಪಕ್ಕ ಎರಡು. ಇಪ್ಪತ್ತರ ಸುಮಾರಿಗೆ ಕೋಣೆಯೇ ಮಾಯವಾಗಿ ಮತ್ತೆ ಬಂದಿತ್ತು. ನಲವತ್ತಮೂರನೆಯದು ಸರಿಯಾಗಿತ್ತು. ಪ್ರತಿ ಫೈಲಿನ ಪಕ್ಕದಲ್ಲಿ ದಿನ, ಗಂಟೆ ಇತ್ತು. ಎಲ್ಲ ಒಂದೇ ದಿನದವು. ಮೊದಲನೆಯದು ಬೆಳಿಗ್ಗೆ ಹತ್ತೂಕಾಲು, ಕೊನೆಯದು ಸಾಯಂಕಾಲ ಐದೂಮುಕ್ಕಾಲು. ಎರಡು ನಿಮಿಷದ ಕೆಲಸ ಅದು. ಮೇಷ್ಟ್ರು ಕುಸಿದ ದಿನಕ್ಕೆ ಏಳು ತಿಂಗಳು ಮೊದಲು.

ಆ ದಿನ ತಾನು ಎಲ್ಲಿದ್ದೆ ಅಂತ ಆಕೆ ಯೋಚಿಸಿದರು. ಇದೇ ಕೋಣೆಯಲ್ಲಿ, ಪಕ್ಕದ ಮೇಜಿನಲ್ಲಿ ಇದ್ದಿರಬೇಕು. ಎರಡು ಸಲ ಕಾಫಿ ತಂದುಕೊಟ್ಟಿರಬೇಕು. ಆ ತಿಂಗಳುಗಳಲ್ಲಿ ಮೇಷ್ಟ್ರು ಬೆಳಕು ಬೀಳುತ್ತೆ ಅಂತ ಪರದೆಯನ್ನು ಪಕ್ಕದ ಮೇಜಿಗೆ ಕಾಣದ ಹಾಗೆ ತಿರುಗಿಸಿಕೊಂಡಿದ್ದು ನೆನಪಾಯಿತು. ಬೆಳಕು ಆ ಕಿಟಕಿಯಿಂದ ಯಾವತ್ತೂ ಮೇಜಿನವರೆಗೆ ಬಂದದ್ದಿಲ್ಲ.

ಅದೊಂದೇ ಮನೆಯಲ್ಲ. ಇನ್ನೊಂದು ಹನ್ನೆರಡು ಸಲ, ಮತ್ತೊಂದು ಮೂವತ್ತೊಂದು ಸಲ ಇತ್ತು. ಒಂದರಲ್ಲಿ ಮೆಟ್ಟಿಲು ನೇರ ಹೋಗಿ ಗೋಡೆಗೆ ಗುದ್ದುತ್ತಿತ್ತು. ಎಲ್ಲದರ ಕೊನೆಗೆ ಒಂದು ಪುಟ್ಟ ಬರಹದ ಫೈಲಿತ್ತು. ತೆಗೆದರೆ ನಾಲ್ಕೇ ಸಾಲು.

ಪ್ರತಿ ಕೋಣೆಗೂ ಬಾಗಿಲು ಇದೆಯಾ.
ಮೆಟ್ಟಿಲು ಎಲ್ಲಿಂದ ಎಲ್ಲಿಗೆ.
ಉತ್ತರ ಯಾವ ಕಡೆ.
ಅಳತೆ ಅವಳು ಹಾಕ್ತಾಳೆ.

ಆಕೆ ಅದನ್ನು ಓದಿದರು. ಎದೆಯೊಳಗೆ ಏನಾದರೂ ಆಗುತ್ತದೇನೋ ಅಂತ ಒಂದು ಕ್ಷಣ ಕಾದಂತೆ ಕೂತರು. ಏನೂ ಆಗಲಿಲ್ಲ. ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಾ "ಬರ್ಲಿ, ಬರ್ಲಿ" ಅನ್ನುತ್ತಿದ್ದರು. ಅದು ನಿಲ್ಲುವವರೆಗೆ ಕೇಳಿದರು. ಆಮೇಲೆ ಎದ್ದು, ಮೇಷ್ಟ್ರ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದು ಅವರನ್ನು ಕೂರಿಸಿದರು. ಟೈಲರ್ ಮನೆಯ ಮೊದಲನೇ ಫೈಲನ್ನು ಪರದೆ ತುಂಬ ಹಾಕಿದರು.

"ರೀ, ಇದು ನೋಡಿ. ನಿಮಗೆ ಆಗಲೇ ಗೊತ್ತಾಗಿತ್ತಾ?"

"ಆಯ್ತು."

"ನನಗೆ ಯಾಕೆ ಹೇಳ್ಲಿಲ್ಲ?"

ಈ ಸಲ ಆ ಶಬ್ದವೂ ಬರಲಿಲ್ಲ. ಮೇಷ್ಟ್ರು ಕೋಲನ್ನು ತೊಡೆಗೆ ಒರಗಿಸಿ ಎಡಗೈ ಎತ್ತಿದರು. ತೋರುಬೆರಳನ್ನು ಪರದೆಯ ಮೇಲಿಟ್ಟು ಮಲಗುವ ಕೋಣೆಯ ಗೋಡೆಯುದ್ದಕ್ಕೂ ನಿಧಾನವಾಗಿ ಎಳೆದುಕೊಂಡು ಹೋದರು. ಒಂದು ಕಡೆ ನಿಲ್ಲಿಸಿದರು. ಬಾಗಿಲು ಇರಬೇಕಾದ ಜಾಗ ಅದೇ.

"ಹೂಂ, ಅಲ್ಲೇ" ಅಂದರು ಆಕೆ.

ಅವರ ಬೆರಳು ಅಲ್ಲೇ ಇತ್ತು. ಕೈ ಸೋಲುವವರೆಗೂ ಇತ್ತು. ಆಕೆ ಅದನ್ನು ಹಿಡಿದು ಇಳಿಸಿ ಅವರ ಮಡಿಲಲ್ಲಿಟ್ಟರು. ಪರದೆಯ ಮೇಲೆ ಬೆರಳಿನ ಎಣ್ಣೆಯ ಗುರುತು ಉಳಿದಿತ್ತು. ಸೀರೆಯ ಸೆರಗಿನಿಂದ ಒರೆಸಿದರು.

ಆಮೇಲೆ ಮೇಷ್ಟ್ರನ್ನು ಬಚ್ಚಲಿಗೆ ಕರೆದೊಯ್ಯುವ ಹೊತ್ತಾಯಿತು. ಬಂದು ಉಳಿದ ಕೆಲಸ ಮುಗಿಸಿದರು. ಕೊನೆಯ ವರ್ಷದ ಫೋಲ್ಡರಿನಿಂದ ಪ್ರತಿ ಮನೆಯ ಸರಿಯಾದ ನಕ್ಷೆಯನ್ನು ಮಾತ್ರ ಕಾಪಿ ಮಾಡಿದರು. ಟೈಲರ್ ಮನೆಯದು ನಲವತ್ತಮೂರನೆಯದು. ತಪ್ಪು ನಕ್ಷೆ ಇಟ್ಟುಕೊಳ್ಳುವ ಪದ್ಧತಿ ಆ ಕೋಣೆಯಲ್ಲಿ ಯಾವತ್ತೂ ಇರಲಿಲ್ಲ. ನಾಲ್ಕು ಸಾಲಿನ ಫೈಲನ್ನು ಇನ್ನೊಂದು ಸಲ ತೆಗೆದು, ಓದದೆ ಮುಚ್ಚಿದರು. ಅದನ್ನು ಕಾಪಿ ಮಾಡಲಿಲ್ಲ.

ಗುರುವಾರ ಮಧ್ಯಾಹ್ನ ರಿಪೇರಿ ಅಣ್ಣ ಬಂದರು. ಈ ಸಲ ಮೊದಲು ಮೇಷ್ಟ್ರ ಹತ್ತಿರ ಹೋಗಿ ನಮಸ್ಕಾರ ಹೇಳಿ, ಆಮೇಲೆ ಕಂಪ್ಯೂಟರಿನ ಹತ್ತಿರ ಬಂದರು.

"ಎಲ್ಲ ಕಾಪಿ ಆಯ್ತಾ ಮೇಡಂ? ಒಂದು ಸಲ ಹೋದ್ರೆ ಹೋಯ್ತು. ಆಮೇಲೆ ನನ್ನ ಕತ್ತು ಹಿಡಿದ್ರೂ ಬರಲ್ಲ."

"ಬೇಕಾದ್ದೆಲ್ಲ ಆಗಿದೆ."

ಅವರು ತಾವು ತಂದ ಪೆನ್ ಡ್ರೈವಿನಿಂದಲೇ ಯಂತ್ರವನ್ನು ಶುರುಮಾಡಿದರು. ಡಿಸ್ಕು ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿಯಾಗಿ ಕಾಣಿಸಿತು. ಎಡಗಡೆ ನೀಲಿ ಬಣ್ಣದ್ದು ಹಳೆಯದು, ಬಲಗಡೆ ಹಸಿರು ಹೊಸದು. ನೀಲಿಯ ಮೇಲೆ ಒತ್ತಿ, ತೆಗೆದುಹಾಕು ಅನ್ನುವುದನ್ನು ಆರಿಸಿ, ನಿಜವಾಗಿಯೂ ತೆಗೆಯಬೇಕೇ ಅನ್ನುವ ಪ್ರಶ್ನೆಯವರೆಗೆ ತಂದು ಕೈ ಹಿಂದಕ್ಕೆ ತೆಗೆದುಕೊಂಡರು.

"ಇದೊಂದು ನೀವೇ ಒತ್ತಿಬಿಡಿ. ಮೇಷ್ಟ್ರ ತಂಗಿ ನಿನ್ನೆ ನನಗೂ ಫೋನ್ ಮಾಡಿದ್ರು."

"ಏನಂದ್ಲು?"

"ಅತ್ತಿಗೆಗೆ ಬುದ್ಧಿ ಹೇಳಿ ಅಂದ್ರು. ನನಗೇ ಯಾರಾದ್ರೂ ಹೇಳ್ಬೇಕು, ನಾನೇನು ಹೇಳ್ಲಿ?"

ಆಕೆ ಒತ್ತಿದರು. ನೀಲಿ ಹೋಗಿ ಬೂದು ಬಂತು. ಎರಡು ಸೆಕೆಂಡೂ ಹಿಡಿಯಲಿಲ್ಲ. "ಅಷ್ಟೇನಾ?" ಅಂತ ಕೇಳಿದರು.

"ಅಷ್ಟೇ. ಜಾಗ ಸೇರಿಸೋದಕ್ಕೆ ಹೊತ್ತು ಹಿಡಿಯುತ್ತೆ."

ಮೂರು ಗಂಟೆ ಹಿಡಿಯಿತು. ಹಸಿರು ಪಟ್ಟಿ ಎಡಕ್ಕೆ ಇಷ್ಟಿಷ್ಟೇ ಸರಿಯಿತು. ರಿಪೇರಿ ಅಣ್ಣ ಎರಡು ಲೋಟ ಕಾಫಿ ಕುಡಿದು, ಮಗಳ ಪರೀಕ್ಷೆಯ ಕತೆ, ಮಾವನ ಮಂಡಿನೋವಿನ ಕತೆ ಎಲ್ಲ ಹೇಳಿದರು. ಐದು ಗಂಟೆಗೆ ಯಂತ್ರವನ್ನು ಆರಿಸಿ ಮತ್ತೆ ಹಾಕಿದರೆ ಕಪ್ಪು ಪರದೆ. ಯಾವ ಸಿಸ್ಟಮ್ಮೂ ಸಿಗಲಿಲ್ಲ ಅನ್ನುವ ಒಂದೇ ಒಂದು ಬಿಳಿ ಸಾಲು.

"ಅಯ್ಯಯ್ಯೋ" ಅಂದರು ರಿಪೇರಿ ಅಣ್ಣ. ಇನ್ನೊಂದು ಸಲ ಆರಿಸಿ ಹಾಕಿದರು. ಅದೇ ಸಾಲು.

"ಎರಡೂ ಹೋಯ್ತಾ?" ಹಾಲು ಮುಗಿಯಿತಾ ಅಂತ ಕೇಳುವ ದನಿಯಲ್ಲಿ ಕೇಳಿದರು ಆಕೆ.

"ಇಲ್ಲ ಮೇಡಂ, ಹೋಗಿಲ್ಲ, ಹೊಸದು ಒಳಗೇ ಇದೆ. ಯಂತ್ರ ಹಾಕಿದ ತಕ್ಷಣ ಎಬ್ಬಿಸೋ ಫೈಲ್ ಇರುತ್ತಲ್ಲ, ಎರಡಕ್ಕೂ ಒಂದೇ ಇತ್ತು. ಅದು ಹಳೇ ಭಾಗದಲ್ಲಿತ್ತು. ಮರೆತೇಬಿಟ್ಟೆ. ಹೊಸದನ್ನೂ ಇಷ್ಟು ದಿನ ಎಬ್ಬಿಸ್ತಾ ಇದ್ದಿದ್ದು ಹಳೇದೇ." ಅವರ ಹಣೆ ಬೆವರಿತ್ತು. "ಮೇಡಂ, ನೀವು ಸ್ವಲ್ಪ ಬೈದ್ರೆ ನನಗೆ ಸಮಾಧಾನ. ಹೀಗೆ ಸುಮ್ನೆ ನಿಂತ್ಕೊಂಡ್ರೆ ಕೈಕಾಲು ಆಡಲ್ಲ."

ಆಕೆಗೆ ಬೈಯಲು ಏನೂ ತೋಚಲಿಲ್ಲ. "ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?" ಅಂತ ಕೇಳಿ, ಮೇಷ್ಟ್ರ ಮಾತ್ರೆ ತರಲು ಒಳಗೆ ಹೋದರು. ಮುಕ್ಕಾಲು ಗಂಟೆ ಬೇಕಾಯಿತು. ಅದೇ ಪೆನ್ ಡ್ರೈವ್ ಚುಚ್ಚಿ, ಏನೇನೋ ಸಾಲು ಟೈಪ್ ಮಾಡಿ, ಒಂದು ಸಲ ತಪ್ಪಾಗಿ, ಇನ್ನೊಂದು ಸಲ ಸರಿಹೋಗಿ, ಕೊನೆಗೆ ಯಂತ್ರ ಎದ್ದಿತು. ಯಾವ ಕಡೆ ಅಂತ ಕೇಳದೆ ನೇರ ಹೊಸ ಸಿಸ್ಟಮ್ಮಿಗೇ ಹೋಯಿತು. ರಿಪೇರಿ ಅಣ್ಣ ಹೋದ ಮೇಲೆ ಆಕೆ ಕೂತು ಹಲ್ಲಿನ ಡಾಕ್ಟರ ಮೂರನೇ ಅಂತಸ್ತನ್ನು ಮೂರನೇ ಸಲ ಎಳೆದರು. ಈ ಸಲ ಉಳಿಯಿತು.

ಮುಂದಿನ ತಿಂಗಳು ಆಸ್ಪತ್ರೆಗೆ ತೋರಿಸಲು ಹೋದಾಗ ಆಕೆ ನಲವತ್ತಮೂರು ನಕ್ಷೆಯ ವಿಷಯ ಡಾಕ್ಟರಿಗೆ ಹೇಳಿದರು. ಅವರು ಪೆನ್ನು ಕೆಳಗಿಟ್ಟು ಕೇಳಿದರು.

"ಸಣ್ಣ ಸಣ್ಣ ಹೊಡೆತ ಮೊದಲೇ ಬಿದ್ದಿರಬಹುದು. ಎಷ್ಟೋ ಜನರಿಗೆ ಗೊತ್ತೇ ಆಗಲ್ಲ. ಆಗಲೇ ಕರ್ಕೊಂಡು ಬಂದಿದ್ರೆ..." ಅಂದು ನಿಲ್ಲಿಸಿ, "ಈಗ ಹೇಳೋಕಾಗಲ್ಲ ಬಿಡಿ" ಅಂದರು.

"ರಾತ್ರಿ ಮಾತ್ರೆ ಊಟಕ್ಕೆ ಮೊದಲಾ, ಆಮೇಲಾ?" ಅಂತ ಕೇಳಿದರು ಆಕೆ.

ನಾದಿನಿಗೂ ಹೇಳಿದರು. ಅವಳು ಫೋನಿನಲ್ಲೇ ಅತ್ತಳು. ಬಹಳ ಹೊತ್ತು ಅತ್ತಳು. ಆಕೆ ಫೋನನ್ನು ಕಿವಿಗಿಟ್ಟುಕೊಂಡು ಕಾದರು. ಅಳು ತಗ್ಗಿದ ಮೇಲೆ ನಾದಿನಿ, "ನಾನು ತಿಂಗಳಿಗೆ ಒಂದು ವಾರ ಬಂದು ಅಣ್ಣನ್ನ ನೋಡ್ಕೊಳ್ತೀನಿ ಅತ್ತಿಗೆ, ನೀವು ಸೈಟ್ ಅಳೆಯೋಕೆ ಹೋಗ್ಬೋದು" ಅಂದಳು. ಹೇಳಿದಂತೆ ಬಂದಳು. ಮೊದಲ ಸಲ ಅಣ್ಣನಿಗೆ ಊಟ ಮಾಡಿಸುವಾಗ ಅರ್ಧ ಅನ್ನ ಅಂಗಿಯ ಮೇಲೆ ಬಿತ್ತು. ಅತ್ತಿಗೆ ಪಕ್ಕದಲ್ಲಿ ಕೂತು, ತುತ್ತು ಎಡಗಡೆಗೆ ಇಡಬೇಕು ಅಂತ ತೋರಿಸಿಕೊಟ್ಟರು. ಮುಂದಿನ ತುತ್ತನ್ನು ನಾದಿನಿ ಎಡಗಡೆಗೇ ಇಟ್ಟಳು.

ಆ ವಾರಗಳಲ್ಲೊಂದು ಬೆಳಿಗ್ಗೆ ನಿವೃತ್ತ ಬಸ್ ಡ್ರೈವರೊಬ್ಬರು ಬಂದರು. ಇದ್ದ ಮನೆಯ ಮಾಳಿಗೆಯ ಮೇಲೆ ಒಂದೇ ಒಂದು ಕೋಣೆ ಬೇಕಂತೆ.

"ಮೂವತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನು ಮೇಡಂ. ಕೂತರೆ ರಸ್ತೆ ಕಾಣ್ಬೇಕು. ಕಿಟಕಿ ಬಸ್ಸಿನ ಮುಂದಿನ ಗಾಜಿನ ಹಾಗೆ ಈ ಗೋಡೆಯಿಂದ ಆ ಗೋಡೆವರೆಗೆ ಇರ್ಲಿ. ಹೆಂಡತಿ ಬೇಡ ಅಂತಾಳೆ, ಅವಳ ಮಾತು ಬರೀಬೇಡಿ."

"ಎಷ್ಟು ಎತ್ತರದ ಕುರ್ಚಿಯಲ್ಲಿ ಕೂರ್ತೀರಿ?"

ಅವರು ಎದ್ದು, ಮಂಡಿಯ ಪಕ್ಕ ಕೈಯಿಟ್ಟು ತೋರಿಸಿದರು. ಆಕೆ ಟೇಪ್ ತೆಗೆದು ಅಳೆದರು. ಡ್ರೈವರ್ ಹೋದ ಮೇಲೆ ಪರದೆಯ ಮೇಲೆ ಕೋಣೆ ಎಳೆದರು, ಬಾಗಿಲು ಇಟ್ಟರು, ಕಿಟಕಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಚಾಚಿದರು. ಇಷ್ಟಗಲದ ಕಿಟಕಿಗೆ ಮೇಲಿನ ತೊಲೆ ಎಷ್ಟು ದಪ್ಪವಿರಬೇಕು ಅಂತ ಲೆಕ್ಕ ಹಾಕುತ್ತಿದ್ದಾಗ ಹೊಟ್ಟೆ ಹಸಿದಿದೆ ಅಂತ ಗೊತ್ತಾಯಿತು. ಗಂಟೆ ನೋಡಿದರೆ ಇನ್ನೂ ಹನ್ನೊಂದು. ಮೇಷ್ಟ್ರು ಕುಸಿದಾಗಿನಿಂದ ಹೊತ್ತಾಯಿತು ಅಂತ ತಿನ್ನುತ್ತಿದ್ದರೇ ಹೊರತು ಹಸಿವಾಗಿ ತಿಂದದ್ದಿರಲಿಲ್ಲ. ಒಳಗೆ ನಾದಿನಿ ಮೇಷ್ಟ್ರಿಗೆ ಪೇಪರ್ ಓದಿ ಹೇಳುತ್ತಿದ್ದಳು. ಆಕೆ ಅಡುಗೆಮನೆಗೆ ಹೋಗಿ ಎರಡು ತುಂಡು ಬ್ರೆಡ್ಡು ತಗೊಂಡು, ನಿಂತುಕೊಂಡೇ ತಿಂದರು. ಸಾಲಲಿಲ್ಲ. ಇನ್ನೊಂದು ತುಂಡು ತಗೊಂಡರು.